ಕುದಿನೀರ ಸೀಮೆಯ ಉಂಗುರ

ಬಹಳ ಹಿಂದೆಯೂ ಅಲ್ಲ, ಏಳು ಸಮುದ್ರದ ಆಚೆಗೂ ಅಲ್ಲ. ಒಂದು ನೀರಹನಿಯ ಒಳಗೆ ಒಂದು ಊರಿತ್ತಂತೆ. ಆ ಊರಿಗೆ ಅರಸನಿಲ್ಲ, ಗೌಡನಿಲ್ಲ, ಚಾವಡಿಯಿಲ್ಲ. ಇದ್ದವರೆಲ್ಲ ಅಕ್ಕತಂಗಿಯರು. ಒಬ್ಬಾಕೆ ಹೊಟ್ಟೆತುಂಬ ಉಂಡು ಮೈಮುರಿದು ಎದ್ದಳೆಂದರೆ ಇಬ್ಬರಾಗಿರುತ್ತಿದ್ದಳು. ಹೊತ್ತು ಮೂಡಿದಾಗ ಬೆರಳಲ್ಲಿ ಎಣಿಸುವಷ್ಟಿದ್ದವರು ಹೊತ್ತು ಮುಳುಗುವುದರೊಳಗೆ ಎಣಿಸಿದವರ ನಾಲಿಗೆ ಒಣಗುವಷ್ಟು ಆಗಿರುತ್ತಿದ್ದರು.

ಆ ಅಕ್ಕತಂಗಿಯರ ಬೆರಳಿಗೆಲ್ಲ ಒಂದೊಂದು ಉಂಗುರ. ಉಂಗುರ ಬಂದದ್ದು ಕುದಿನೀರ ಸೀಮೆಯಿಂದ. ಅಲ್ಲಿ ನೆಲದ ಬಾಯಿಂದ ಕುದಿಯುವ ನೀರು ಉಕ್ಕುತ್ತದೆ; ಆ ನೀರಿನಲ್ಲೇ ಹುಟ್ಟಿ ಆ ನೀರಿನಲ್ಲೇ ಬಾಳುವ ಜೀವಗಳಿವೆ. ಅವುಗಳ ಹತ್ತಿರ ಒಬ್ಬ ನಕಲುಗಾರನಿದ್ದಾನೆ. ಯಾವ ಬರಹ ಕೊಟ್ಟರೂ ಒಂದಕ್ಕೆರಡು, ಎರಡಕ್ಕೆ ನಾಲ್ಕು ಪ್ರತಿ ಬರೆಯುತ್ತಾನೆ, ಕುದಿಯುವ ಹಂಡೆಯಲ್ಲಿ ಕೂಡಿಸಿದರೂ ಲೇಖನಿ ಕೆಳಗಿಡುವುದಿಲ್ಲ. ಅಂಥ ನಕಲುಗಾರನನ್ನು ಮಾಡುವ ವಿದ್ಯೆಯನ್ನು ಆ ಉಂಗುರದ ಮೇಲೆ ಕೆತ್ತಿದೆ. ಊರ ಮೇಲೆ ಒಂದು ಚಿಟಿಕೆ ಸಿಹಿಪುಡಿ ಉದುರಿಸಿದರೆ ಸಾಕು, ಅಕ್ಕತಂಗಿಯರೆಲ್ಲ ಕೈಲಿದ್ದ ಕೆಲಸ ಬಿಟ್ಟು, ಉಂಗುರ ಓದಿಕೊಂಡು, ನಕಲುಗಾರನನ್ನು ಮಾಡುತ್ತ ಕೂಡುತ್ತಾರೆ.

"ಹೂಂ," ಅಂದಳು ಗುತ್ತೆವ್ವ. ಬ್ಯಾಡಗಿಯ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮೊಮ್ಮಗಳು ಅರುಣಾಗೆ ಸಣ್ಣಂದಿನಿಂದ ಕಥೆ ಹೇಳಿದವಳು ಅವಳೇ. ಈಗ ಮೊಮ್ಮಗಳು ಹೇಳುವುದು, ಆಯಿ ಹೂಂಗುಟ್ಟುವುದು. "ಉಂಗುರ ಬಂಗಾರದ್ದೋ, ಬೆಳ್ಳೀದೋ?"

"ಎರಡೂ ಅಲ್ಲ ಆಯಿ. ಕಣ್ಣಿಗೆ ಕಾಣೂದಿಲ್ಲ."

"ಚಲೋ ಆತು ಬಿಡು, ಕಳ್ಳರ ಕಾಟ ಇಲ್ಲ. ಆಮ್ಯಾಲ ಅವರು ಏನಾಗ್ತಾರ? ನಕಲುಗಾರನ್ನ ಮಾಡಿಕೊಟ್ಟ ಮ್ಯಾಲ?"

"ಅವರ ಮೈಯಾಗ ಇರ್ತಾನಲ್ಲ ಆಯಿ ಅವ. ಅವರನ್ನ ಒಡದ ತಗೀಬೇಕು. ಸಾಯ್ತಾರ."

ಗುತ್ತೆವ್ವನ ಕೈ ನಿಂತಿತು. ತುಳಸಿಯ ಕುಡಿ ಚಿವುಟುವಾಗಲೂ ಗಿಡದ ಮುಂದೆ ಒಂದು ಮಾತು ಹೇಳಿಯೇ ಚಿವುಟುವ ಹೆಣ್ಣುಮಗಳು ಅವಳು. "ಹಂಗಾರ ಒಡಿಯೂಕಿಂತ ಮೊದಲ ಕೈ ಮುಗದು ಕೇಳಿಕೋ," ಅಂದಳು. "ಸುಮ್ಮನ ಒಡೀಬ್ಯಾಡ."

ಅಂದಿನಿಂದ ಅರುಣಾ ಹಾಗೆಯೇ ಮಾಡುತ್ತ ಬಂದಿದ್ದಳು. ಅವಳು ಕೆಲಸ ಮಾಡುತ್ತಿದ್ದದ್ದು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಸಣ್ಣ ಪ್ರಯೋಗಾಲಯದಲ್ಲಿ. ಬೀಜ ಅಸಲಿಯೋ ಬೆರಕೆಯೋ ಎಂದು ಡಿಎನ್‌ಎ ನೋಡಿ ಹೇಳುವುದು ಅಲ್ಲಿಯ ಕೆಲಸ. ಬೀಜದಿಂದ ತೆಗೆದ ಡಿಎನ್‌ಎ ಕಣ್ಣಿಗೆ ಬೀಳಬೇಕಾದರೆ ಅದರ ಕೋಟಿಗಟ್ಟಲೆ ಪ್ರತಿ ಆಗಬೇಕು. ಆ ಪ್ರತಿ ಮಾಡುವ ಪ್ರೋಟೀನೇ ಕಥೆಯ ನಕಲುಗಾರ. ಅಕ್ಕತಂಗಿಯರು ಬ್ಯಾಕ್ಟೀರಿಯಾಗಳು. ಉಂಗುರವೆಂದರೆ ಅವುಗಳೊಳಗೆ ಸೇರಿಸಿದ ಪ್ಲಾಸ್ಮಿಡ್, ದುಂಡಗೆ ಸುತ್ತಿಕೊಂಡ ಡಿಎನ್‌ಎಯ ಒಂದು ಎಳೆ. ಆಯಿಗೆ ಇದನ್ನು ಕಥೆಯಾಗಿ ಅಲ್ಲದೆ ಇನ್ನು ಹೇಗೆ ಹೇಳುವುದು? ಖರೇ ಹೇಳಬೇಕೆಂದರೆ ಅರುಣಾ ತನಗೆ ತಾನು ಹೇಳಿಕೊಳ್ಳುತ್ತಿದ್ದದ್ದೂ ಹಾಗೆಯೇ.

ಆ ಉಂಗುರದವರು ಅವಳಿಗೆ ಸಿಕ್ಕದ್ದು ಹಾವೇರಿಯಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದೂರದೂರಿನಿಂದ ತರಿಸಿದ ಪ್ರೋಟೀನು ಬೇಸಿಗೆಯ ಲಾರಿಯಲ್ಲಿ ಬೆಂದು ಕೆಟ್ಟುಹೋಗಿ ಬರುತ್ತಿತ್ತು. ಪರೀಕ್ಷೆ ಹುಸಿಯಾದಾಗಲೆಲ್ಲ ಹೊಸ ಹುಡುಗಿಯ ಕೈಗುಣ ಸರಿಯಿಲ್ಲವೆಂಬ ಮಾತು. ಅತ್ತುಕೊಂಡು ಹಾವೇರಿಗೆ ಹೋಗಿದ್ದಳು, ಕಾಲೇಜಿನಲ್ಲಿ ತನಗೆ ಪಾಠ ಹೇಳಿದ ಮೃಣಾಲಿನಿ ಮೇಡಂ ಹತ್ತಿರ. ಅವರು ಎಲ್ಲ ಕೇಳಿಸಿಕೊಂಡರು. ಫ್ರೀಜರಿನಿಂದ ಕಿರುಬೆರಳಿನಷ್ಟು ಸಣ್ಣ ಸೀಸೆ ತೆಗೆದು ಕೈಗಿಟ್ಟರು.

"ಇವರನ್ನ ಬೆಳಸ್ಕೋ. ನಿನಗ ಬೇಕಾದಷ್ಟು ನೀನ ಮಾಡ್ಕೋ. ಯಾರ ಬಾಗಿಲಿಗೂ ಹೋಗೂ ಕೆಲಸ ಇಲ್ಲ."

"ಮೇಡಂ, ನಿಮಗ ನಾ ಏನ ಕೊಡ್ಲಿ?"

"ನನಗ ಬೇಕಾದ ದಿನ ಕೇಳ್ತೀನಿ. ಅವತ್ತ ಇಲ್ಲ ಅನಬಾರದು ಮತ್ತ."

"ಇಲ್ಲ ಅನ್ನಂಗಿಲ್ರಿ," ಅಂದಿದ್ದಳು ಅರುಣಾ.

ಆ ಸೀಸೆಯಿಂದ ಅವಳ ನೌಕರಿ ಉಳಿಯಿತು. ಮನೆಗೆ ಬಂದ ಸೊಸೆಯನ್ನು ನೋಡಿಕೊಂಡಂತೆ ಅವರನ್ನು ನೋಡಿಕೊಂಡಳು. ಸೀಸೆಯಲ್ಲಿದ್ದದ್ದನ್ನು ಕೊನೆಯ ಹನಿಯವರೆಗೆ ಬಳಸಿ ತಟ್ಟೆಯ ಮೇಲೆ ಬೆಳೆಸಿದಳು. ಆಮೇಲೆ ಆ ತಟ್ಟೆಯಿಂದ ಒಂದು ಚುಕ್ಕೆ ಎತ್ತಿ ಹೊಸ ತಟ್ಟೆಗೆ, ಅದು ಹಳತಾದರೆ ಅದರಿಂದ ಇನ್ನೊಂದಕ್ಕೆ. ಅವಳ ಮನೆಯಲ್ಲಿ ಮೊಸರು ನಡೆದುಬಂದದ್ದೇ ಹಾಗೆ. ಗುತ್ತೆವ್ವ ಮದುವೆಯಾಗಿ ಬರುವಾಗ ತವರಿನಿಂದ ಕುಡಿಕೆಯಲ್ಲಿ ತಂದ ಹೆಪ್ಪು ಇವತ್ತಿಗೂ ಆ ಮನೆಯಲ್ಲಿ ಆರಿಲ್ಲ; ನಿನ್ನೆಯ ಮೊಸರು ಇವತ್ತಿನ ಹಾಲಿಗೆ, ಇವತ್ತಿನದು ನಾಳೆಗೆ. ಜೀವ ಇದ್ದದ್ದನ್ನು ಮಂಜಿನಲ್ಲಿ ಹೂತಿಡುವುದೆಂದರೆ ಅರುಣಾಗೆ ಮನಸ್ಸೇ ಬರಲಿಲ್ಲ.

ಮೃಣಾಲಿನಿ ಮೇಡಂ ಕೇಳುವ ದಿನ ಏಪ್ರಿಲ್ ತಿಂಗಳಲ್ಲಿ ಬಂತು.

"ಅರುಣಾ, ನಮ್ಮ ಫ್ರೀಜರ್ ಸತ್ತದ ನೋಡವಾ," ಫೋನಿನಲ್ಲಿ ಅವರ ದನಿ ಎಂದಿನ ಹಾಗಿರಲಿಲ್ಲ. "ಕಾಲೇಜಿಗೆ ಸೂಟಿ ಇದ್ದಾಗ ಕರೆಂಟ್ ಹೋಗಿ ಬಂದು ಹೋಗಿ ಬಂದು ಸುಟ್ಟಕೊಂಡು ಕೂತದ. ಯಾರೂ ನೋಡಿಲ್ಲ. ಒಳಗಿದ್ದದ್ದೆಲ್ಲಾ ನೀರು. ಮಾಡಿಟ್ಟ ಪ್ರೋಟೀನೂ ಹೋತು, ಆ ಬ್ಯಾಕ್ಟೀರಿಯಾನೂ ಹೋದ್ವು. ಹುಡುಗರ ಪ್ರಾಜೆಕ್ಟ್ ಅರ್ಧಕ್ಕ ನಿಂತಾವ. ಆರ್ಡರ್ ಹಾಕಿದ್ರ ಬರೂದ್ರಾಗ ಪರೀಕ್ಷಾ ಮುಗದಿರ್ತದ. ನಿನ್ನ ಹತ್ರ ಇದ್ದಾವಲ್ಲ?"

"ಅದಾವ್ರಿ ಮೇಡಂ! ಚೊಲೋತ್ನಂಗ ಅದಾವು. ಮುಂದಿನ ಸೋಮವಾರ ನಾನ ತಗೊಂಡ ಬರ್ತೇನ್ರಿ."

"ಉಳಿಸ್ಕೊಂಡೀಯಲ್ಲ ತಾಯಿ," ಅಂದರು ಮೇಡಂ. "ಎಲ್ಲೂ ಇಲ್ಲ ಈಗ, ನಿನ್ನ ಹತ್ರ ಅಷ್ಟ ಅದ."

ಆ ಮಾತಿಗೆ ಅರುಣಾಳ ಎದೆ ಉಬ್ಬಿತು. ಹಂಗಾಮಿನ ಪರೀಕ್ಷೆಗಳು ಆಗತಾನೆ ಮುಗಿದು ರಾಣೆಬೆನ್ನೂರಿನ ಸೀಸೆಯಲ್ಲೂ ಪ್ರೋಟೀನು ತಳ ಕಂಡಿತ್ತು. ಹೊಸದಾಗಿಯೇ ಮಾಡಬೇಕು. ಅವಳಿಗೇನು, ಹಬ್ಬವೇ. ಹೂಜಿಯಂಥ ದೊಡ್ಡ ಗಾಜಿನ ಪಾತ್ರೆಯಲ್ಲಿ ಬ್ಯಾಕ್ಟೀರಿಯಾ ಉಂಡು ಬೆಳೆಯುವ ಸಾರು ತುಂಬಿ, ಔಷಧ ಹಾಕಿ, ಅಕ್ಕತಂಗಿಯರನ್ನು ಬಿಟ್ಟಳು. ಯಂತ್ರ ಪಾತ್ರೆಯನ್ನು ತೊಟ್ಟಿಲ ಹಾಗೆ ತೂಗಿತು. ಎಂದಿಗಿಂತ ಬೇಗ ಸಾರು ಮೋಡಗಟ್ಟಿತು. ಸಿಹಿಪುಡಿ ಉದುರಿಸಿದಳು. ಮರುದಿನ ಅವರನ್ನೆಲ್ಲ ಯಂತ್ರದಲ್ಲಿ ತಿರುಗಿಸಿ ತಳಕ್ಕೆ ಕೂಡಿಸಿ, ಕೈ ಮುಗಿದು, "ನಿಮ್ಮಿಂದ ದೊಡ್ಡ ಉಪಕಾರ ಆತ್ರೆವ್ವಾ," ಅಂದಳು.

ಆಚೆ ಮೇಜಿನಿಂದ ಮುಸ್ತಾಕ್ ನಕ್ಕ. ಲ್ಯಾಬಿನಲ್ಲಿ ಅವಳಿಗಿಂತ ಹಿರಿಯ, ಅಣ್ಣನಂತಿದ್ದವನು. "ಆರತಿ ಒಂದ ಬಾಕಿ ಉಳದೈತಿ ನೋಡು ತಂಗಿ. ಊದಿನಕಡ್ಡಿ ತರ್ಲೇನು?"

"ನೀ ಸುಮ್ನಿರಣ್ಣಾ."

ಒಡೆದು, ಬಿಸಿನೀರಿನಲ್ಲಿ ಇಟ್ಟಳು. ಈ ಹೆಜ್ಜೆ ಅವಳಿಗೆ ಎಲ್ಲಕ್ಕಿಂತ ಇಷ್ಟ. ಬ್ಯಾಕ್ಟೀರಿಯಾದ ಸ್ವಂತ ಪ್ರೋಟೀನುಗಳೆಲ್ಲ ಆ ಬಿಸಿಗೆ ಒಡೆದ ಹಾಲಿನಂತೆ ಗಟ್ಟಿಯಾಗಿ ಕೆಳಗೆ ಬೀಳುತ್ತವೆ. ಕುದಿನೀರ ಸೀಮೆಯ ನಕಲುಗಾರನೊಬ್ಬನೇ ಏನೂ ಆಗದವನಂತೆ ಮೇಲಿನ ತಿಳಿಯಲ್ಲಿ ಉಳಿಯುತ್ತಾನೆ. ತಿಳಿ ತೆಗೆದುಕೊಂಡು ಪರೀಕ್ಷೆಗೆ ಹಚ್ಚಿದಳು. ಹಳೆಯ ಸೀಸೆಯ ತಳದಲ್ಲಿ ಉಳಿದದ್ದರಿಂದ ಒಂದು ಹನಿಯನ್ನೂ ಪಕ್ಕದಲ್ಲೇ ಹಾಕಿದಳು, ಹೋಲಿಸಿ ನೋಡುವುದಕ್ಕೆ.

ನೀಲಿ ಬೆಳಕಿನಡಿ ಹಳೆಯ ಹನಿಯ ಕಡೆ ಪ್ರತಿಯಾದ ಡಿಎನ್‌ಎಯ ಗೆರೆ ಹೊಳೆಯಿತು. ಹೊಸದರ ಕಡೆ ಕಗ್ಗತ್ತಲು.

ಮತ್ತೊಮ್ಮೆ ಹಚ್ಚಿದಳು. ಮತ್ತೆ ಕತ್ತಲು. ಸಾರು ಅಷ್ಟು ದಟ್ಟವಾಗಿತ್ತು, ಅಷ್ಟೊಂದು ಮಂದಿ ಬೆಳೆದಿದ್ದರು. ಒಬ್ಬಳಾದರೂ ಏನನ್ನೂ ಮಾಡಿರಲಿಲ್ಲ.

ಮುಸ್ತಾಕನ ನಗು ಹೋಯಿತು. ಎದ್ದು ಬಂದು ಪಕ್ಕದಲ್ಲಿ ಕುಳಿತ. "ಖರೇ ಹೇಳು, ಈ ತಟ್ಟಿ ಎಲ್ಲಿಂದ ಬಂತು?"

"ಹೋದ ತಟ್ಟಿಯಿಂದ."

"ಅದು?"

"ಅದರ ಹಿಂದಿನ ತಟ್ಟಿಯಿಂದ. ಮೊದಲಿಂದ ಹಂಗ ದಾಟಿಸಿಕೋತ ಬಂದೇನಿ. ಒಮ್ಮೆನೂ ತಪ್ಪಿಸಿಲ್ಲ."

"ಫ್ರೀಜರಿನ್ಯಾಗ ಒಂದೂ ಇಟ್ಟಿಲ್ಲ?"

ಅರುಣಾ ಇಲ್ಲವೆಂದು ತಲೆ ಆಡಿಸಿದಳು.

ಮುಸ್ತಾಕ್ ಹಣೆ ಬಡಿದುಕೊಂಡ. "ಯಾ ಅಲ್ಲಾ! ಇದೇನು ನಿಮ್ಮ ಆಯಿ ಮಸರಿನ ಗಡಿಗಿ ಅಂತ ತಿಳದಿಯೇನ?"

ಅವಳಿಗೆ ಆಗ ಹೊಳೆಯಿತು. ಉಂಗುರ ಹೊತ್ತು ತಿರುಗುವುದು ಆ ಸಣ್ಣ ಜೀವಗಳಿಗೆ ಭಾರ. ಸಂದರ್ಭ ಸಿಕ್ಕರೆ ಕಳಚಿಟ್ಟು ಹಗುರಾಗುತ್ತವೆ, ಹಗುರಾದವು ಬೇಗ ಬೆಳೆಯುತ್ತವೆ. ಅದಕ್ಕೆಂದೇ ಸಾರಿಗೆ ಔಷಧ ಹಾಕುವುದು. ಉಂಗುರದಲ್ಲಿ ಆ ಔಷಧದ ಪರಿಹಾರವೂ ಕೆತ್ತಿರುತ್ತದೆ. ಇದ್ದವರು ಬದುಕುತ್ತಾರೆ, ಕಳಚಿದವರು ಸಾಯುತ್ತಾರೆ. ಆದರೆ ಅವಳ ಔಷಧದ ಬಾಟಲಿ ಕಳೆದ ವರ್ಷದ್ದು. ಕರೆಂಟು ಹೋದಾಗಲೆಲ್ಲ ಬೆಚ್ಚಗಾಗಿ ಅದರ ಕಹಿ ಎಂದೋ ಸತ್ತಿತ್ತು. ತಟ್ಟೆಯಿಂದ ತಟ್ಟೆಗೆ, ತಟ್ಟೆಯಿಂದ ತಟ್ಟೆಗೆ ಅವಳು ದಾಟಿಸುತ್ತ ಬಂದದ್ದು ಉಂಗುರ ಕಳಚಿದ ಮೈಗಳನ್ನು.

ಹಾವೇರಿಯಲ್ಲಿ ಇಲ್ಲ. ಇಲ್ಲಿಯೂ ಇಲ್ಲ. "ನಿನ್ನ ಹತ್ರ ಅಷ್ಟ ಅದ" ಅಂದಿದ್ದರು ಮೇಡಂ.

ಮುಚ್ಚಿಡುವುದು ಅವಳಿಂದಾಗಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಫೋನು ಹಚ್ಚಿದಳು. ಎಲ್ಲವನ್ನೂ ಹೇಳಿದಳು, ಹೆಪ್ಪಿನ ಮಾತನ್ನೂ ಬಿಡದೆ. ಆ ಕಡೆಯಿಂದ ಏನೋ ಕೇಳಿಸಿತು. ಮೇಡಂ ನಗುತ್ತಿದ್ದರು.

"ಹೆಪ್ಪ ಹಾಕೀಯೇನ? ನನ್ನ ಬ್ಯಾಕ್ಟೀರಿಯಾಕ್ಕ?"

"ತಪ್ಪಾತ್ರಿ ಮೇಡಂ."

"ಅಳಬ್ಯಾಡ, ಕೇಳಿಲ್ಲೆ. ಎಲ್ಲಾರೂ ಕಳಚಿರ್ತಾರ ಅಂತ ಯಾರ ಹೇಳಿದ್ರು ನಿನಗ? ಕೋಟಿ ಮಂದಿ ಇದ್ದಾರ ಆ ತಟ್ಟಿಯೊಳಗ. ಹೊಸಾ ಔಷಧ ತಾ, ಕಡಕ್ಕಾಗಿ ಹಾಕು. ಅದರ ಮ್ಯಾಲ ಎಲ್ಲಾರನ್ನೂ ಹರವು. ಹಟಮಾರಿ ಒಬ್ಬಾಕಿ ಉಳದಿದ್ರೂ ನಾಳೆ ಮುಂಜಾನೆ ಎದ್ದು ಕೂತಿರ್ತಾಳ. ನಾನೂ ಒಮ್ಮೆ ಹಿಂಗ ಮಾಡ್ಕೊಂಡು ಹಿಂಗ ಹುಡುಕಿದ್ದೆ."

"ಒಬ್ಬಾಕಿನೂ ಉಳಿದಿದ್ದಿಲ್ಲ ಅಂದ್ರ?"

"ಆವಾಗ ಇಬ್ಬರೂ ಕೂಡಿ ಅಳೂಣಂತ. ಈಗ ಲಗೂ ಹೋಗು."

ಹೊಸ ಔಷಧ ಎಂದರೆ ಮತ್ತೆ ದೂರದೂರಿನ ದಾರಿ. ಆದರೆ ಮುಸ್ತಾಕ್ ಆಗಲೇ ಕಂಪನಿಯ ಡಾಕ್ಟರರ ಚೀಟಿ ಹಿಡಿದು ಬೈಕು ಚಾಲೂ ಮಾಡಿದ್ದ; ಅರುಣಾ ಹಿಂದೆ ಹತ್ತಿದಳು. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಮನುಷ್ಯರಿಗೆ ಚುಚ್ಚುವ ಆಂಪಿಸಿಲಿನ್ನೇ. ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪಿನ ಮೈಲಾರಪ್ಪ ಇಂಜೆಕ್ಷನ್ನಿನ ಸೀಸೆಗಳನ್ನು ಕೌಂಟರಿನ ಮೇಲಿಟ್ಟು ಕಣ್ಣು ಕಿರಿದು ಮಾಡಿದ.

"ಯಾರಿಗ್ರಿ ಆರಾಮಿಲ್ಲ?"

"ಯಾರಿಗೂ ಏನಾಗಿಲ್ಲ. ಈ ತಂಗಿ ಹುಡುಗ್ಯಾರಿಗೆ."

ಮೈಲಾರಪ್ಪ ಅರುಣಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹುಡುಗ್ಯಾರು? ಇಕಿಗಿನ್ನೂ ಲಗ್ನ ಆಗಿಲ್ಲಲ್ಲ!"

"ಕೋಟಿಗಟ್ಟಲೆ ಅದಾರ," ಅಂದ ಮುಸ್ತಾಕ್. "ಹೆಸರ ಕೇಳಬ್ಯಾಡ್ರಿ, ಸಂಜಿ ಆಗತೈತಿ."

ಅಷ್ಟು ದುಃಖದಲ್ಲೂ ಅರುಣಾಗೆ ನಗು ಬಂತು.

ಆ ಸಂಜೆಯೇ ಹೊಸ ಔಷಧ ಬೆರೆಸಿ ತಟ್ಟೆಗಳನ್ನು ಹೊಯ್ದರು. ಹಳೆಯ ತಟ್ಟೆಯ ಎಲ್ಲರನ್ನೂ ಅವುಗಳ ಮೇಲೆ ಹರವಿದಳು. ಬ್ಯಾಡಗಿಯ ಗಾಡಿಯಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತಾಗ ಅವಳಿಗೆ ಆ ಊರೇ ಕಾಣುತ್ತಿತ್ತು. ಕಹಿ ಮಳೆ ಸುರಿಯುತ್ತಿದೆ. ಬೀದಿಬೀದಿಯಲ್ಲಿ ಬರಿಬೆರಳಿನವರು ಕುಸಿಯುತ್ತಿದ್ದಾರೆ. ಎಲ್ಲೋ ಒಂದು ಓಣಿಯ ಕೊನೆಯಲ್ಲಿ ಒಬ್ಬ ಮುದುಕಿ ಇರಲಿ, ಎಲ್ಲರೂ ನಕ್ಕರೂ ಭಾರದ ಉಂಗುರವನ್ನು ಕಳಚದೆ ಕುಳಿತವಳು. ಇರಲಿ ತಾಯಿ, ಒಬ್ಬಳಾದರೂ ಇರಲಿ.

ಮನೆಯಲ್ಲಿ ಉಣ್ಣದೆ ಕುಳಿತವಳನ್ನು ಗುತ್ತೆವ್ವ ನೋಡಿದಳು. ವಿಷಯ ಕೇಳಿದಳು. ಬುದ್ಧಿ ಹೇಳಲಿಲ್ಲ. "ನನಗ ಅದೆಲ್ಲಾ ತಿಳಿಯಂಗಿಲ್ಲವಾ," ಅಂದಳು. "ಹಸಕೊಂಡು ಕುಂತರ ಅವು ಎದ್ದು ಬರ್ತಾವೇನು? ಉಣ್ಣು." ಎರಡು ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಮುಂದಿಟ್ಟಳು.

ಮರುದಿನ ಮುಂಜಾನೆ ಅರುಣಾ ಲ್ಯಾಬಿಗೆ ಬರುವಷ್ಟರಲ್ಲಿ ಮುಸ್ತಾಕ್ ಬಾಗಿಲಲ್ಲೇ ನಿಂತಿದ್ದ. ಮುಖದಲ್ಲಿ ಏನೂ ತೋರಿಸಲಿಲ್ಲ. "ನಾ ಮುಟ್ಟಿಲ್ಲವಾ. ನೀನ ತಗಿ," ಅಂದ.

ಮೊದಲ ತಟ್ಟೆ ಬೋಳು. ಎರಡನೆಯದೂ ಬೋಳು, ಮಳೆ ತೊಳೆದ ಅಂಗಳದಂತೆ. ಮೂರನೆಯದನ್ನು ಬೆಳಕಿಗೆ ಹಿಡಿದಳು. ಅಂಚಿನ ಹತ್ತಿರ, ಜೀರಿಗೆಯ ಕಾಳಿಗಿಂತ ಸಣ್ಣ ಒಂದು ಬಿಳಿ ಚುಕ್ಕೆ. ಅದರಾಚೆ ಇನ್ನೊಂದು. ತಟ್ಟೆ ಓರೆ ಮಾಡಿದರೆ ಅಲ್ಲೊಂದು ಇಲ್ಲೊಂದು ಇನ್ನೂ ಕೆಲವು.

"ಅಣ್ಣಾ," ಅಂದಳು. ತಟ್ಟೆಯನ್ನು ಅವನ ಮುಂದೆ ಹಿಡಿದಳು.

"ಕಂಡೆ ಕಂಡೆ. ಆ ಕಣ್ಣೀರ ತಟ್ಟಿ ಒಳಗ ಬೀಳಿಸಬ್ಯಾಡ ಮತ್ತ."

ಒಂದೊಂದು ಚುಕ್ಕೆಯನ್ನೂ ಬೇರೆಬೇರೆಯಾಗಿ ಬೆಳೆಸಿದಳು. ಈ ಸಲ ಎಲ್ಲಕ್ಕಿಂತ ಮೊದಲು ಮಾಡಿದ ಕೆಲಸವೆಂದರೆ ಪ್ರತಿಯೊಂದರಿಂದ ಸ್ವಲ್ಪ ಸ್ವಲ್ಪ ತೆಗೆದು, ಗ್ಲಿಸರಿನ್ ಬೆರೆಸಿ, ಸಣ್ಣ ಸೀಸೆಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟದ್ದು. "ಚಳಿ ಆಗತೈತಿ, ಸಿಟ್ಟಾಗಬ್ಯಾಡ್ರಿ," ಅಂದುಕೊಂಡಳು. "ಮಲಕೋರಿ. ಮಲಗಿದ್ರ ಮರಿಯೂದಿಲ್ಲ ನೀವು." ಅವರಲ್ಲಿ ಚೆನ್ನಾಗಿ ದುಡಿದವಳನ್ನು ಆರಿಸಿ ದೊಡ್ಡ ಪಾತ್ರೆಗೆ ಬಿಟ್ಟಳು. ಸಾರು ಈ ಸಲ ನಿಧಾನವಾಗಿ ಮೋಡಗಟ್ಟಿತು. ಆ ನಿಧಾನವನ್ನು ನೋಡುತ್ತ ಅವಳಿಗೆ ಸಮಾಧಾನವಾಗುತ್ತ ಬಂತು. ಭಾರ ಹೊತ್ತವರು ಓಡುವುದಿಲ್ಲ. ಒಡೆಯುವ ಮೊದಲು ಕೈ ಮುಗಿದಾಗ ಪಕ್ಕದಲ್ಲಿ ಮುಸ್ತಾಕ್ ಕೂಡ ಸುಮ್ಮನೆ ನಿಂತಿದ್ದ. ಊದಿನಕಡ್ಡಿಯ ಮಾತೆತ್ತಲಿಲ್ಲ.

ಬಿಸಿನೀರು. ಒಡೆದ ಹಾಲು. ಮೇಲೆ ತಿಳಿ. ನೀಲಿ ಬೆಳಕಿನಡಿ ಈ ಸಲ ಎರಡೂ ಕಡೆ ಗೆರೆ ಹೊಳೆಯಿತು. ಹೊಸದರ ಗೆರೆಯೇ ಒಂದು ಕೈ ಮೇಲು.

ಸೋಮವಾರ ರಾಣೆಬೆನ್ನೂರಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದಳು. ತೊಡೆಯ ಮೇಲೆ ಥರ್ಮಾಕೋಲಿನ ಡಬ್ಬಿ, ಒಳಗೆ ಮಂಜುಗಡ್ಡೆ, ಅದರ ನಡುವೆ ಪ್ರೋಟೀನಿನ ಸೀಸೆಗಳು. ಮಗ್ಗುಲಲ್ಲಿ ಬೇರೆಯಾಗಿ, ಮೂರು ಸುತ್ತು ಮುಚ್ಚಿ ಹೆಸರು ಚೀಟಿ ಅಂಟಿಸಿ, ಮಲಗಿದ ಅಕ್ಕತಂಗಿಯರ ಒಂದು ಸೀಸೆ. ಗಾಡಿ ಬ್ಯಾಡಗಿಯಲ್ಲಿ ನಿಂತಾಗ ಕಿಟಕಿಯಲ್ಲಿ ಗುತ್ತೆವ್ವನ ಮುಖ ಮೂಡಿತು. ಕೈಯಲ್ಲಿ ಒಂದು ಗಂಟು.

"ಆಯಿ! ಈ ಬಿಸಲಾಗ ಯಾಕ ಬಂದಿ?"

"ಕಲಿಸಿದವರ ಮನಿಗೆ ಬರಿಗೈಲೆ ಹೊಂಟಿದ್ದೆಲ್ಲ. ಕಡಕ್ ರೊಟ್ಟಿ ಅದಾವು, ಶೇಂಗಾ ಚಟ್ನಿ ಐತಿ. ಖಾರ ಕಡಿಮಿ ಮಾಡೇನಿ ಅಂತ ಹೇಳು." ಗಂಟನ್ನು ಒಳಗೆ ದಾಟಿಸಿ ಡಬ್ಬಿಯ ಕಡೆ ನೋಡಿದಳು. "ಅವರು ಇದರಾಗ ಅದಾರೇನು?"

"ಕೆಲವರು ಮಲಗ್ಯಾರ ಆಯಿ. ದುಡದವರು ಹೋದ್ರು. ಅವರು ಮಾಡಿಕೊಟ್ಟದ್ದು ಇದರಾಗ ಐತಿ."

ಗುತ್ತೆವ್ವ ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಡಬ್ಬಿಯನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎದುರಿಗೆ ಕುಳಿತ ಹೆಂಗಸು ಯಾವ ದೇವರ ಪ್ರಸಾದವೋ ಎಂದು ತಾನೂ ಕೈ ಮುಗಿದಳು. ಗಾಡಿ ಜಗ್ಗಿತು.

ಹಾವೇರಿಯ ಕಾಲೇಜಿನಲ್ಲಿ ಹುಡುಗಹುಡುಗಿಯರು ಬಾಗಿಲಿಗೇ ಬಂದು ನಿಂತಿದ್ದರು. ಮೋಟೆಬೆನ್ನೂರಿನಿಂದ ಬರುವ ಪ್ರಿಯಾಂಕಾ ಅನ್ನುವ ಹುಡುಗಿ ಡಬ್ಬಿಯನ್ನು ಎರಡೂ ಕೈಯಿಂದ ಇಸಿದುಕೊಂಡಳು. ಊರಿನ ಮೆಣಸಿನ ಗಿಡದ ಮುರುಟಿದ ಎಲೆಗಳಲ್ಲಿ ಯಾವ ರೋಗವಿದೆ ಎಂದು ನೋಡುವುದು ಅವಳ ಪ್ರಾಜೆಕ್ಟು. ಎಲೆಗಳಿಂದ ತೆಗೆದ ಡಿಎನ್‌ಎ ಇಷ್ಟು ದಿನ ನಕಲುಗಾರನಿಲ್ಲದೆ ಕಾದು ಕುಳಿತಿತ್ತು. ಮೃಣಾಲಿನಿ ಮೇಡಂ ಆಗಷ್ಟೇ ತರಿಸಿದ ಹೊಸ ಫ್ರೀಜರಿನ ಬಾಗಿಲು ತೆರೆದು, ಮಲಗಿದವರ ಸೀಸೆಯನ್ನು ತಮ್ಮ ಕೈಯಾರೆ ಒಳಗಿಟ್ಟರು. ಬಾಗಿಲು ಮುಚ್ಚಿದ ಮೇಲೂ ಅದರ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದರು.

"ಅವತ್ತ ನಿನಗ ಕೊಟ್ಟಿದ್ದಿಲ್ಲ ಅಂದ್ರ," ಅಂದರು, "ಇವತ್ತ ನನ್ನ ಹತ್ರನೂ ಇರ್ತಿದ್ದಿಲ್ಲ ನೋಡು."

"ಕಳಕೊಂಡಾಗ ನೀವ ಹುಡುಕಿಕೊಟ್ರೆಲ್ರಿ ಮೇಡಂ."

"ಸಾಕು ಸಾಕು. ಆ ಗಂಟಿನ್ಯಾಗ ಏನದ?"

"ಆಯಿ ರೊಟ್ಟಿ ಕಳಿಸ್ಯಾಳ್ರಿ. ಖಾರ ಕಡಿಮಿ ಅಂತ ಹೇಳು ಅಂದಾಳ್ರಿ."

"ಬ್ಯಾಡಗಿಯವರ ಕಡಿಮಿ ನನಗ ಗೊತ್ತದ," ಅಂದರು ಮೇಡಂ. ಹುಡುಗರೆಲ್ಲ ನಕ್ಕರು.

ಪ್ರಿಯಾಂಕಾ ಎಲೆಗಳ ಡಿಎನ್‌ಎಗೆ ನಕಲುಗಾರನನ್ನು ಬೆರೆಸಿ ಯಂತ್ರಕ್ಕೆ ಹಚ್ಚಿದಳು. ಯಂತ್ರ ತನ್ನ ಕೆಲಸ ಮುಗಿಸುವವರೆಗೆ ಎಲ್ಲರೂ ರೊಟ್ಟಿ ಮುರಿದು ತಿಂದರು, ಮೂಗು ಒರೆಸಿಕೊಂಡರು, ನೀರು ಕುಡಿದರು. ಆಮೇಲೆ ಕಿಟಕಿಯ ಪರದೆ ಎಳೆದು ನೀಲಿ ಬೆಳಕು ಹಚ್ಚಿದರು. ಪ್ರಿಯಾಂಕಾ ಬಗ್ಗಿ ನೋಡಿದಳು. ಒಂದು ಗೆರೆ, ಅದರ ಪಕ್ಕ ಇನ್ನೊಂದು, ಮುಂದೊಂದು ಎಲೆಯಲ್ಲಿ ರೋಗವಿಲ್ಲವೆಂದು ಖಾಲಿ, ಅದರಾಚೆ ಮತ್ತೆ ಒಂದು.

"ಬಂತ್ರಿ ಮೇಡಂ!" ಎಂದು ಕೂಗಿದಳು.

ಮೇಡಂ ಅರುಣಾ ತಂದ ಸೀಸೆಗಳನ್ನು ಮಂಜಿನ ತಟ್ಟೆಯಲ್ಲಿ ಜೋಡಿಸಿ ಹುಡುಗರ ಮೇಜಿನ ನಡುವೆ ಇಟ್ಟರು. "ಅರುಣಾ ಕೊಟ್ಟ ಮಾತು ಉಳಿಸ್ಯಾಳ," ಅಂದರು. "ಇನ್ನ ನೀವು ನಿಂತು ನೋಡಬ್ಯಾಡ್ರಿ, ಹಚ್ಕೋರಿ ಕೆಲಸ."